ಮೂರು ದಬ್ಬೆಯ ಪಾಠ

ಅಮಾಸೆಬೈಲು ಕಡೆಯ ಮನೆಗಳಿಗೆ ಭೇಟಿಯಿತ್ತಾಗ ನಾವು ಪುಟ್ಟ ಮಕ್ಕಳಿಗೆ ತ್ರಿಕೋನ ಯಾವುದೆಂದು ಕೇಳುವುದುಂಟು. ಪುಸ್ತಕದ ಚಿತ್ರಕ್ಕೆ ಥಟ್ಟನೆ ಬೆರಳಿಡುತ್ತಾರೆ. ಅದೇ ಪುಸ್ತಕವನ್ನು ತಲೆಕೆಳಗು ಹಿಡಿದರೆ ಹಲವರು 'ಇದಲ್ಲ' ಎನ್ನುತ್ತಾರೆ. ಹೆಸರು ನಾಲಗೆಗೆ ಬಂದಿದೆ, ಆಕಾರ ಬುದ್ಧಿಗೆ ಇಳಿದಿಲ್ಲ.

ಇಂದ್ರಿಯಗಳನ್ನು ಹಾದುಬಾರದೆ ಅರಿವು ಮೂಡದೆಂಬುದು ಅರಿಸ್ಟಾಟಲನ ಜಾಡಿನಲ್ಲಿ ನಡೆದ ಸಂತ ಥಾಮಸ್ ಅಕ್ವಿನಾಸರ ನಿಲುವು. 1907ರಲ್ಲಿ ರೋಮಿನಲ್ಲಿ ಮಕ್ಕಳ ಮನೆ ತೆರೆದ ಮರಿಯಾ ಮಾಂಟೆಸ್ಸರಿಯವರು ಮರದ ಆಕಾರಗಳ ಅಂಚನ್ನು ಮಕ್ಕಳ ಬೆರಳಿನಿಂದಲೇ ಸವರಿಸಿದರು. 1939ರಲ್ಲಿ ಅವರು ಮದರಾಸಿನ ಅಡ್ಯಾರಿಗೂ ಬಂದು ಶಿಕ್ಷಕರಿಗೆ ತರಬೇತಿಯಿತ್ತರು.

ಅಂತಹ ದುಬಾರಿ ಸಾಮಗ್ರಿ ನಮಗೆ ಬೇಕಿಲ್ಲ, ತೋಟದಲ್ಲಿ ಅಡಿಕೆ ದಬ್ಬೆಯಿದೆ. ಹೆತ್ತವರೇ, ಮೂರು ಸಣ್ಣ ದಬ್ಬೆಗಳ ತುದಿಗಳನ್ನು ಹಗ್ಗದಿಂದ ಬಿಗಿದು ಮಗುವಿನ ಕೈಗೆ ಕೊಡಿರಿ. ಎತ್ತ ತಿರುಗಿಸಿದರೂ ಅದು ತ್ರಿಕೋನವೇ. ಎಷ್ಟು ಒತ್ತಿದರೂ ರೂಪ ಬಿಡದು. ಇನ್ನು ನಾಲ್ಕನ್ನು ಕಟ್ಟಿಕೊಡಿರಿ. ಚೌಕ ಒಂದೇ ಒತ್ತಿಗೆ ವಾಲುತ್ತದೆ. ಮೂಲೆಯಿಂದ ಮೂಲೆಗೆ ಮತ್ತೊಂದು ದಬ್ಬೆ ಬಿಗಿದೊಡನೆ ಗಟ್ಟಿಯಾಗುತ್ತದೆ; ಅಲ್ಲೀಗ ಎರಡು ತ್ರಿಕೋನಗಳಿವೆ. ಬಳಿಕ ಹಂಚಿನ ಮಾಡನ್ನು ತೋರಿಸಿರಿ. ಇಬ್ಬದಿಯ ಪಕಾಸುಗಳೂ ಕೆಳಗಿನ ಅಡ್ಡತೊಲೆಯೂ ಕೂಡಿ ಘಟ್ಟದ ಬುಡದ ಗಾಳಿಮಳೆಯನ್ನು ಹೇಗೆ ತಾಳಿಕೊಳ್ಳುತ್ತವೆಂದು ಮಗುವೇ ಹೇಳೀತು.

ಒಂದು ಮಾತು: ಚೆಂಡನ್ನು ವೃತ್ತವೆನ್ನಬೇಡಿರಿ. ಓದಿದವರೂ ಇಲ್ಲಿ ಎಡವುತ್ತಾರೆ. ಹಾಳೆತಟ್ಟೆಯ ಅಂಚು ವೃತ್ತ, ಚೆಂಡು ಗೋಳ. ಎರಡನ್ನೂ ಮಗುವಿನ ಅಂಗೈಯಲ್ಲಿಟ್ಟು, ಹೆಸರನ್ನು ಆಮೇಲೆ ಹೇಳಿರಿ.