ಶ್ವಾಸಯಂತ್ರದ ಎಚ್ಚರಿಕೆಯ ಧ್ವನಿಗಳು

ಬಾದಾಮಿಗೆ ಸಮೀಪವಾದ ಚೊಳಚಗುಡ್ಡದಲ್ಲಿ ಪುಷ್ಯಮಾಸದ ಬನದ ಹುಣ್ಣಿಮೆಯಂದು ಬನಶಂಕರಿಯ ರಥೋತ್ಸವವು ನಡೆಯುವುದು. ಜಾತ್ರೆಯು ಆಮೇಲೆಯೂ ಹಲವು ದಿನ ನೆರೆದಿದ್ದು, ನಾಟಕ ಕಂಪನಿಗಳ ಹಾಡು ಮಾತುಗಳು ಇರುಳಿನಲ್ಲಿ ಕೇಳಿಬರುವುವು. ಅಂತಹ ಊರಿನ ಮನೆಯೊಂದರಲ್ಲಿ, ಉಸಿರಾಟದ ಸ್ನಾಯುಗಳು ಸೋತ ರೋಗಿಯು ವೆಂಟಿಲೇಟರೆಂಬ ಶ್ವಾಸಯಂತ್ರದ ಆಸರೆಯಿಂದ ಬದುಕಿರುವನೆಂದಿಟ್ಟುಕೊಂಡರೆ, ಯಂತ್ರದ ಕೂಗು ಆ ಗದ್ದಲವನ್ನು ಮೀರಿ ಮನೆಯವರ ಕಿವಿಗೆ ಬೀಳಬೇಕು. ಬಿದ್ದೊಡನೆ ಅದರ ಅರ್ಥವೂ ತಿಳಿಯಬೇಕು. ಆಸ್ಪತ್ರೆಯಲ್ಲಿ ದಾದಿಯರದಾದ ಈ ಹೊಣೆಯು ಮನೆಯಲ್ಲಿ ತಾಯಿಗೋ ಹೆಂಡತಿಗೋ ಮಗನಿಗೋ ಬರುವುದು.

ಯಂತ್ರವು ರೋಗಿಯನ್ನು ಕಾಣಲಾರದು. ಕೊಳವೆಯೊಳಗಿನ ಒತ್ತಡ, ಹೋಗಿಬರುವ ಗಾಳಿಯ ಪರಿಮಾಣ, ಎರಡು ಉಸಿರುಗಳ ನಡುವಣ ಕಾಲ, ವಿದ್ಯುತ್ತಿನ ಸರಬರಾಜು ಮೊದಲಾದ ಕೆಲವನ್ನು ಮಾತ್ರ ಅದು ಅಳೆಯಬಲ್ಲುದು. ಇವುಗಳಲ್ಲೊಂದು ಗೊತ್ತುಮಾಡಿದ ಮೇರೆಯನ್ನು ದಾಟಿದರೆ ಕೂಗುವುದು. ನೈಯಾಯಿಕರ ಪರಿಭಾಷೆಯಲ್ಲಿ ಈ ಕೂಗು ಲಿಂಗ. ಅದರಿಂದ ಕಾರಣವನ್ನು ಅನುಮಾನಿಸಬೇಕು. ಆದರೆ ಹೊಗೆಯಿಂದ ಬೆಂಕಿಯನ್ನು ಊಹಿಸಿದಷ್ಟು ಇದು ಸುಲಭವಲ್ಲ. ಒಂದೇ ಕೂಗಿಗೆ ಹಲವು ಕಾರಣಗಳುಂಟು. ಆದುದರಿಂದ ಅನುಮಾನಕ್ಕಿಂತ ಮೊದಲು ಪ್ರತ್ಯಕ್ಷವು ಬೇಕು. ಎದೆ ಏರಿಳಿಯುತ್ತಿದೆಯೇ, ತುಟಿಯ ಬಣ್ಣವು ಹೇಗಿದೆ, ಮುಖದಲ್ಲಿ ಸಂಕಟವುಂಟೇ ಎಂಬುದನ್ನು ನೋಡಿದ ಬಳಿಕವೇ ಯಂತ್ರದ ಕಡೆಗೆ ತಿರುಗತಕ್ಕದ್ದು.

ಕೂಗುಗಳಲ್ಲಿ ತಾರತಮ್ಯವುಂಟು. ಅಂತರರಾಷ್ಟ್ರೀಯ ಮಾನದಂಡದಂತೆ ಮಿನುಗುವ ಕೆಂಪು ದೀಪವು ತತ್‌ಕ್ಷಣದ ಅಪಾಯವನ್ನೂ ಮಿನುಗುವ ಹಳದಿಯು ಬೇಗನೆ ಗಮನಿಸಬೇಕಾದುದನ್ನೂ ಸೂಚಿಸುವುವು. ಒತ್ತಡವು ಹೆಚ್ಚಾಯಿತೆಂಬ ಕೂಗಿಗೆ ಕಫ, ಕೆಮ್ಮು, ಮಡಿಚಿದ ಕೊಳವೆ, ಅದರಲ್ಲಿ ನಿಂತ ನೀರು ಇವು ಸಾಮಾನ್ಯ ಕಾರಣಗಳು. ಕಫವನ್ನು ಹೀರಿ ತೆಗೆಯಬೇಕು. ನೀರನ್ನು ರೋಗಿಯತ್ತ ಹರಿಯಗೊಡದೆ ಚೆಲ್ಲಬೇಕು. ಒತ್ತಡವೋ ಗಾಳಿಯ ಪರಿಮಾಣವೋ ಕುಗ್ಗಿತೆಂದರೆ ಎಲ್ಲಿಯೋ ಕೊಳವೆಯು ಕಳಚಿದೆ, ಇಲ್ಲವೆ ಗಾಳಿಯು ಸೋರುತ್ತಿದೆ ಎಂದು ತಿಳಿಯಬಹುದು. ಆಗ ರೋಗಿಯ ಕಡೆಯಿಂದ ಆರಂಭಿಸಿ ಯಂತ್ರದವರೆಗೆ ಪ್ರತಿಯೊಂದು ಜೋಡಣೆಯನ್ನೂ ಮುಟ್ಟಿ ನೋಡುವುದು ಕ್ರಮ. ವಿದ್ಯುತ್ತು ಹೋದರೆ ಯಂತ್ರವು ಬ್ಯಾಟರಿಯಿಂದ ನಡೆಯುವುದು; ಅದು ಎಷ್ಟು ಹೊತ್ತು ನಡೆದೀತೆಂಬುದನ್ನು ಮನೆಯವರು ಮೊದಲೇ ತಿಳಿದಿರಬೇಕು. ಧ್ವನಿಯನ್ನಡಗಿಸುವ ಗುಂಡಿಯು ಕೂಗನ್ನು ಸ್ವಲ್ಪ ಕಾಲ ನಿಲ್ಲಿಸುವುದೇ ಹೊರತು ಕಾರಣವನ್ನು ನಿವಾರಿಸದು.

ಇದಕ್ಕಿಂತಲೂ ಗಹನವಾದ ವಿಷಯವೊಂದುಂಟು: ಯಂತ್ರದ ಮೌನವು ಕ್ಷೇಮಕ್ಕೆ ಪ್ರಮಾಣವಲ್ಲ. ಕಂಠದ ರಂಧ್ರದಲ್ಲಿಟ್ಟ ನಳಿಕೆಯು ಯಂತ್ರದ ಕೊಳವೆಯೊಡನೆಯೇ ಹೊರಗೆ ಬಂದರೆ, ಆ ಕಿರಿದಾದ ನಳಿಕೆಯೇ ಗಾಳಿಗೆ ತಡೆಯೊಡ್ಡಿ ಒತ್ತಡವನ್ನು ಉಳಿಸಬಹುದು. ಯಂತ್ರವು ಎಲ್ಲವೂ ಸರಿಯೆಂದು ಭ್ರಮಿಸಬಹುದು. ಕಳಚಿದ ಬಾಯಿಯು ದಿಂಬಿಗೆ ಒತ್ತಿದಾಗಲೂ ಹೀಗಾಗುವುದುಂಟು. ಕೂಗಿಗೆ ಗೊತ್ತುಮಾಡಿದ ಮೇರೆಗಳು ತೀರ ಸಡಿಲವಾಗಿದ್ದರೂ ಫಲವು ಅದೇ. ಆದುದರಿಂದ ಮೇರೆಗಳನ್ನು ವೈದ್ಯರ ಅಪ್ಪಣೆಯಿಲ್ಲದೆ ಬದಲಿಸಲಾಗದು. ಕೂಗಿಲ್ಲದಿದ್ದರೂ ರೋಗಿಯ ಕಡೆಗೆ ಕಣ್ಣಿಟ್ಟಿರಬೇಕು.

ಕಾರಣವು ಒಡನೆಯೇ ತಿಳಿಯದೆ ರೋಗಿಯು ಕಂಗೆಟ್ಟರೆ, ಯಂತ್ರವನ್ನು ಬಿಡಿಸಿ ಕೈಯಿಂದ ಒತ್ತುವ ಗಾಳಿಚೀಲದಿಂದ ಉಸಿರು ಕೊಡತಕ್ಕದ್ದು. ನಳಿಕೆಯೇ ಹೊರಬಂದಿದ್ದರೆ ವೈದ್ಯರು ಮೊದಲೇ ಕಲಿಸಿದ ಕ್ರಮವನ್ನು ಅನುಸರಿಸಬೇಕು. ಕೈಯ ಈ ಉಪಾಯವನ್ನು ಅಲ್ಪವೆಂದು ಎಣಿಸಲಾಗದು. ೧೯೫೨ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹಬ್ಬಿ, ಉಸಿರು ಸೋತವರಿಗೆ ಸಾಕಾಗುವಷ್ಟು ಯಂತ್ರಗಳಿಲ್ಲದೆ ಹೋದಾಗ, ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯನ ಸಲಹೆಯಂತೆ ವೈದ್ಯವಿದ್ಯಾರ್ಥಿಗಳು ಸರದಿಯಿಂದ ಹಗಲಿರುಳು ಚೀಲವನ್ನೊತ್ತಿ ಅನೇಕರನ್ನು ಉಳಿಸಿದರು. ಚೀಲವು ರೋಗಿಯ ತಲೆದೆಸೆಯಲ್ಲಿಯೇ ಇರಬೇಕು. ಅದನ್ನು ಬಳಸುವ ಅಭ್ಯಾಸವು ಮನೆಯಲ್ಲಿ ಇಬ್ಬರಿಗಾದರೂ ಇರಬೇಕು. ಒಬ್ಬರು ಚೀಲವನ್ನೊತ್ತುತ್ತಿರುವಾಗ ಇನ್ನೊಬ್ಬರು, ಕರ್ನಾಟಕದಲ್ಲಿ ೨೦೦೮ರಿಂದ ನಡೆದುಬಂದಿರುವ ೧೦೮ರ ಆಂಬುಲೆನ್ಸನ್ನು ಕರೆಯಬಹುದು.

ಯಂತ್ರದ ಕೂಗು ಮನುಷ್ಯನನ್ನು ಕರೆಯುವ ಕರೆ ಮಾತ್ರ. ಕರೆಗೆ ಓಗೊಡುವವನು ಹತ್ತಿರವಿದ್ದು, ಮೊದಲು ರೋಗಿಯ ಮುಖವನ್ನು ನೋಡಿದರೆ ಅದು ಸಾರ್ಥಕವಾಗುವುದು.