ರಿಫ್ಲೆಕ್ಸಾಲಜಿ: ಪಾದಕ್ಕೆ ಆರೈಕೆ, ಮನಸ್ಸಿಗೆ ವಿಶ್ರಾಂತಿ

ದಿನವಿಡೀ ನಿಂತು ದುಡಿದವರ ಕಾಲನ್ನು ಮನೆಯವರು ಒತ್ತಿಕೊಡುವುದು ನಮ್ಮಲ್ಲಿ ಹೊಸದೇನಲ್ಲ. ಈ ಒತ್ತುವಿಕೆಯನ್ನೇ ಕ್ರಮಬದ್ಧವಾಗಿ ಮಾಡುವ ಪದ್ಧತಿ ರಿಫ್ಲೆಕ್ಸಾಲಜಿ. ಇದರ ಬಗ್ಗೆ ಜನರಲ್ಲಿ ಕುತೂಹಲವೂ ಇದೆ, ಅತಿಯಾದ ನಿರೀಕ್ಷೆಯೂ ಇದೆ. ಆದ್ದರಿಂದ ಇದು ಏನು, ಏನಲ್ಲ ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಹುಟ್ಟಿ ಬಂದ ಬಗೆ

ಅಮೆರಿಕದ ಕಿವಿ, ಮೂಗು, ಗಂಟಲು ತಜ್ಞ ಡಾ. ವಿಲಿಯಂ ಫಿಟ್ಜೆರಾಲ್ಡ್ ದೇಹವನ್ನು ತಲೆಯಿಂದ ಪಾದದವರೆಗೆ ಹತ್ತು ವಲಯಗಳಾಗಿ ವಿಂಗಡಿಸಿದರು. 1917ರಲ್ಲಿ ಡಾ. ಎಡ್ವಿನ್ ಬೋವರ್ಸ್ ಜೊತೆಗೂಡಿ ಈ ಬಗ್ಗೆ ಪುಸ್ತಕ ಬರೆದರು. 1930ರ ದಶಕದಲ್ಲಿ ಯೂನಿಸ್ ಇಂಗಮ್ ಎಂಬ ಮಹಿಳೆ ಇದನ್ನು ಪಾದಗಳಿಗೆ ಅನ್ವಯಿಸಿ ನಕ್ಷೆ ರಚಿಸಿದರು. ಅದರ ಪ್ರಕಾರ ಕಾಲ್ಬೆರಳುಗಳು ತಲೆಗೆ, ಬೆರಳುಗಳ ಕೆಳಗಿನ ಉಬ್ಬು ಎದೆಗೆ, ಪಾದದ ನಡುಭಾಗ ಹೊಟ್ಟೆಗೆ ಸಂಬಂಧಿಸಿದವು.

ತೈವಾನಿನಲ್ಲಿ ಇದನ್ನು ಜನಪ್ರಿಯಗೊಳಿಸಿದವರು ಸ್ವಿಟ್ಜರ್ಲೆಂಡಿನ ಕಥೋಲಿಕ ಮಿಷನರಿ ವಂದನೀಯ ಜೋಸೆಫ್ ಯೂಗ್‌ಸ್ಟರ್. 1970ರಲ್ಲಿ ಅಲ್ಲಿಗೆ ಹೋದ ಅವರು ಮೊಣಕಾಲು ನೋವಿನಿಂದ ಬಳಲುತ್ತಿದ್ದಾಗ ಈ ವಿಧಾನ ಕಲಿತರು. ಬಳಿಕ ತೈತುಂಗ್ ಪ್ರದೇಶದ ಜನರಿಗೂ ಕಲಿಸಿದರು. ಅದು ಅನೇಕರಿಗೆ ಜೀವನೋಪಾಯವೂ ಆಯಿತು.

ವಿಜ್ಞಾನ ಏನು ಹೇಳುತ್ತದೆ?

ಪಾದದ ಒಂದು ಬಿಂದುವಿಗೂ ಯಕೃತ್ತು ಅಥವಾ ಮೂತ್ರಪಿಂಡಕ್ಕೂ ನೇರ ಸಂಪರ್ಕವಿದೆ ಎಂಬುದಕ್ಕೆ ಪುರಾವೆ ಸಿಕ್ಕಿಲ್ಲ. 2009ರಲ್ಲಿ ಬ್ರಿಟನ್ನಿನ ಸಂಶೋಧಕ ಎಡ್ಜಾರ್ಡ್ ಅರ್ನ್ಸ್ಟ್ 18 ಪ್ರಯೋಗಗಳನ್ನು ಪರಿಶೀಲಿಸಿ, ಯಾವುದೇ ಕಾಯಿಲೆಗೆ ಇದು ಪರಿಣಾಮಕಾರಿ ಎನ್ನಲು ಮನವೊಪ್ಪುವ ಆಧಾರವಿಲ್ಲ ಎಂದರು. ಪಾದ ನೋಡಿ ರೋಗ ಪತ್ತೆ ಮಾಡುತ್ತೇವೆ ಎನ್ನುವವರನ್ನು ನಂಬಬಾರದು.

ಹಾಗಾದರೆ ಪ್ರಯೋಜನವಿಲ್ಲವೇ? ಇದೆ. ಹಿತವಾದ ಸ್ಪರ್ಶ, ಅರ್ಧ ಗಂಟೆಯ ಮೌನ, ಒಬ್ಬರ ಪೂರ್ಣ ಗಮನ ಇವು ದಣಿದ ಮನಸ್ಸನ್ನು ಹಗುರಗೊಳಿಸುತ್ತವೆ. ಬಿಗಿದ ಸ್ನಾಯುಗಳು ಸಡಿಲವಾಗುತ್ತವೆ. ಇದನ್ನು ಚಿಕಿತ್ಸೆಯ ಬದಲಿಗೆ ಅಲ್ಲ, ಚಿಕಿತ್ಸೆಯ ಜೊತೆಗೆ ಪಡೆಯಬಹುದು.

ಎಚ್ಚರಿಕೆ ಅಗತ್ಯ

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕಡಿಮೆಯಾದವರು, ಪಾದದಲ್ಲಿ ಹುಣ್ಣು ಅಥವಾ ಸೋಂಕು ಇರುವವರು, ಮೂಳೆ ಮುರಿದವರು ಮತ್ತು ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಬೇಕು. ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ ಒತ್ತಲೇಬಾರದು. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಯಾರ ಮಾತು ಕೇಳಿಯೂ ಬಿಡಬೇಡಿ.

ಮನೆಯಲ್ಲೇ ಮಾಡುವುದಾದರೆ ಉಗುರುಬೆಚ್ಚಗಿನ ನೀರಿನಲ್ಲಿ ಪಾದ ತೊಳೆದು, ಒರೆಸಿ, ಸ್ವಲ್ಪ ತೆಂಗಿನೆಣ್ಣೆ ಹಚ್ಚಿ. ಹೆಬ್ಬೆರಳಿನಿಂದ ಹಿಮ್ಮಡಿಯಿಂದ ಬೆರಳುಗಳ ಕಡೆಗೆ ಮೆಲ್ಲನೆ ಒತ್ತುತ್ತಾ ಹೋಗಿ. ನೋವಾಗುವಷ್ಟು ಒತ್ತಬೇಡಿ. ಎದ್ದು ನಡೆಯುವ ಮೊದಲು ಎಣ್ಣೆ ಒರೆಸಿಬಿಡಿ. ವೃದ್ಧರು ಜಾರಿ ಬೀಳುವ ಅಪಾಯವಿದೆ.

ರೋಗಿಗಳನ್ನು, ಹಿರಿಯರನ್ನು ಭೇಟಿಯಾಗುವ ನಮ್ಮ ಕಾರ್ಯಕರ್ತರಿಗೆ ಒಂದು ಮಾತು. ಗುಣಪಡಿಸುವ ಭರವಸೆ ಕೊಡಬೇಡಿ. ಅವರ ಒಪ್ಪಿಗೆ ಕೇಳಿ, ಹತ್ತು ನಿಮಿಷ ಪಾದ ಒತ್ತಿ, ಅವರ ಮಾತಿಗೆ ಕಿವಿಗೊಡಿ. ಮಕ್ಕಳು ದೂರದೂರಿನಲ್ಲಿರುವ ಹಿರಿಯರಿಗೆ ಅಷ್ಟೇ ದೊಡ್ಡ ಸಮಾಧಾನ.