ಪರದೆಯ ಚುಕ್ಕಿಗಳ ಲೆಕ್ಕ

ಆಗುಂಬೆಯಲ್ಲಿ ಶಂಕರ್ ನಾಗ್ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ 1980ರ ದಶಕದಲ್ಲಿ ದೂರದರ್ಶನದಲ್ಲಿ ಬಂದಾಗ, ಮಲೆನಾಡಿನ ಆ ಹೆಂಚಿನ ಮನೆ, ಜಗಲಿ, ಮರದ ಕಂಬಗಳೆಲ್ಲ 576 ಗೆರೆಗಳಲ್ಲಿ ಮೂಡಿದ್ದವು. ಅಂದಿನ ಪ್ರಸಾರ 625 ಗೆರೆಗಳದ್ದು. ಗೆರೆ ಎಳೆಯುತ್ತ ಪರದೆಯ ತಳ ಮುಟ್ಟಿದ ಎಲೆಕ್ಟ್ರಾನ್ ಕಿರಣ ಮತ್ತೆ ಮೇಲಕ್ಕೆ ಹೋಗುವ ಬಿಡುವಿಗೆ ಒಂದಷ್ಟು ಗೆರೆ ಕಳೆದು, ಚಿತ್ರಕ್ಕೆ ಉಳಿಯುತ್ತಿದ್ದದ್ದು ಅಷ್ಟೇ. ಕೊಪ್ಪ, ಶೃಂಗೇರಿ ಕಡೆಯ ಗುಡ್ಡಗಳ ನಡುವೆ ಆ ಪ್ರಸಾರವನ್ನು ಹಿಡಿಯುವುದೂ ಸುಲಭವಿರಲಿಲ್ಲ. ಗುಡ್ಡದ ನೆತ್ತಿಯಲ್ಲಿ ಆಂಟೆನಾ ನಿಲ್ಲಿಸಿ, ತೋಟ ದಾಟಿಸಿ ವೈರು ಎಳೆದು, ಬೂಸ್ಟರ್ ಹಾಕಿ ನೋಡಿದವರು ಇಲ್ಲಿ ಇನ್ನೂ ಇದ್ದಾರೆ.

ಇವತ್ತು ಕೊಪ್ಪ ಕಡೆಯ ನಾರ್ವೆ ಎಂಬ ಹಳ್ಳಿಯ ಮನೆಯೊಂದಕ್ಕೆ 43 ಇಂಚಿನ 4ಕೆ ಟಿವಿ ಬಂದಿದೆ ಎಂದುಕೊಳ್ಳಿ. ಅದರ ಪರದೆಯಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160, ಒಟ್ಟು 82,94,400 ಚುಕ್ಕಿಗಳಿವೆ. ಅದಕ್ಕೆ ಫ್ರೀ ಡಿಶ್‌ನಿಂದ ಚಂದನ ವಾಹಿನಿ ಕೊಟ್ಟರೆ ಬರುವುದು ಸಾಮಾನ್ಯ ದರ್ಜೆಯ ಚಿತ್ರ: 720 ಗುಣಿಸು 576, ಅಂದರೆ 4,14,720 ಚುಕ್ಕಿ. ಭಾಗಿಸಿ ನೋಡಿದರೆ ಸರಿಯಾಗಿ ಇಪ್ಪತ್ತು. ಬಂದ ಪ್ರತಿ ಒಂದು ಚುಕ್ಕಿಗೆ ಇನ್ನು ಹತ್ತೊಂಬತ್ತನ್ನು ಟಿವಿ ತಾನೇ ಹುಟ್ಟಿಸಬೇಕು, ಅದೂ ಬಿಡುವಿಲ್ಲದೆ. ಹಾಗೆ ಹುಟ್ಟಿಸಿಯೂ ವಾರ್ತೆ ಓದುವವರ ಮುಖ ಮುಖವಾಗಿಯೇ ಕಾಣುತ್ತದಲ್ಲ, ಆ ಕೌಶಲವನ್ನು ಕಂಡರೆ ನನಗೆ ನಿಜಕ್ಕೂ ಗೌರವ. ಟಿವಿ ಆರಿಸುವವರಿಗೆ ಈ ಲೆಕ್ಕ ಒಂದಿಷ್ಟು ಗೊತ್ತಿದ್ದರೆ ದುಡ್ಡೂ ಉಳಿಯುತ್ತದೆ, ನೋಡುವ ಸಂತೋಷವೂ ಹೆಚ್ಚುತ್ತದೆ.

ಹಳೆಯ ದಪ್ಪ ಟಿವಿಗೆ ಇಂತಿಷ್ಟೇ ಚುಕ್ಕಿ ಎಂಬ ಕಟ್ಟುಪಾಡು ಇರಲಿಲ್ಲ. ಕಿರಣ ಹರಿದ ಹಾಗೆ ಗೆರೆ. ಈಗಿನ ಪ್ಯಾನೆಲ್ ಹಾಗಲ್ಲ. ಕಾರ್ಖಾನೆಯಲ್ಲಿ ಎಷ್ಟು ಚುಕ್ಕಿ ಕೂರಿಸಿದರೋ ಅಷ್ಟೇ, ಸಾಯುವ ತನಕ. ಪೆಟ್ಟಿಗೆಯ ಮೇಲೆ ‘ಫುಲ್ ಎಚ್‌ಡಿ’ ಎಂದಿದ್ದರೆ 1920 × 1080. ‘4ಕೆ’ ಅಥವಾ ‘ಅಲ್ಟ್ರಾ ಎಚ್‌ಡಿ’ ಎಂದಿದ್ದರೆ ಅದರ ನಾಲ್ಕು ಪಟ್ಟು. ‘ಎಚ್‌ಡಿ ರೆಡಿ’ ಎಂಬುದರಲ್ಲಿ ಮಾತ್ರ ಒಂದು ವಿಚಿತ್ರವಿದೆ. ನಮ್ಮಲ್ಲಿ ಮಾರುವ 32 ಇಂಚಿನ ಸೆಟ್‌ಗಳಲ್ಲಿ ಹೆಚ್ಚಿನವು ಇದೇ ಜಾತಿ, ಅವುಗಳ ಪ್ಯಾನೆಲ್ 1366 × 768. ಯಾವ ವಾಹಿನಿಯೂ 768 ಗೆರೆಯ ಚಿತ್ರ ಕಳಿಸುವುದಿಲ್ಲ. ಆ ಸಂಖ್ಯೆ ಬಂದದ್ದು ಕಂಪ್ಯೂಟರ್ ಕಡೆಯಿಂದ. 1024 × 768ರ ಹಳೆಯ ಮಾನಿಟರಿನ ಎತ್ತರವನ್ನು ಹಾಗೇ ಇಟ್ಟುಕೊಂಡು, ಅಗಲವನ್ನು 16:9ಕ್ಕೆ ಹಿಗ್ಗಿಸಿದರೆ ಸಿಗುವುದು 1366. ಹಾಗಾಗಿ ಈ ಸೆಟ್‌ಗೆ 576 ಬಂದರೂ 720 ಬಂದರೂ 1080 ಬಂದರೂ ಯಾವುದೂ ಇದ್ದಂತೆ ಕೂರುವುದಿಲ್ಲ. ಹಿಗ್ಗಿಸಬೇಕು, ಇಲ್ಲವೇ ಕುಗ್ಗಿಸಬೇಕು. 4ಕೆ ಪರದೆಗೆ ಫುಲ್ ಎಚ್‌ಡಿ ಚಿತ್ರ ಬಂದಾಗ ಈ ತೊಡಕಿಲ್ಲ. 1080ರ ಸರಿಯಾದ ಎರಡರಷ್ಟು 2160, ಒಂದು ಚುಕ್ಕಿಯ ಜಾಗದಲ್ಲಿ ನಾಲ್ಕು ಅಚ್ಚುಕಟ್ಟಾಗಿ ಕೂರುತ್ತವೆ.

ಈ ಹಿಗ್ಗಿಸುವ, ಕುಗ್ಗಿಸುವ ಕೆಲಸ ಮಾಡುವುದು ಒಳಗಿನ ಒಂದು ಚಿಪ್, ಸ್ಕೇಲರ್. ಹೊಸ ಚುಕ್ಕಿಯ ಬಣ್ಣ ಯಾವುದಿರಬೇಕು ಎಂದು ಅದು ಸುತ್ತಲಿನ ಹಲವು ಚುಕ್ಕಿಗಳನ್ನು ನೋಡಿ ತೀರ್ಮಾನಿಸುತ್ತದೆ. ಹತ್ತಿರದ್ದಕ್ಕೆ ಹೆಚ್ಚು ಬೆಲೆ, ದೂರದ್ದಕ್ಕೆ ಕಡಿಮೆ. ಅದರ ಕೈಗುಣ ತಿಳಿಯಲು ಕನ್ನಡಿಗರಾದ ನಮಗೆ ಒಂದು ಒಳ್ಳೆಯ ಅಳತೆಗೋಲಿದೆ: ನಮ್ಮ ಲಿಪಿ. ಸುದ್ದಿವಾಹಿನಿಯ ತಳದಲ್ಲಿ ಓಡುವ ಅಕ್ಷರಗಳ ಸಾಲನ್ನು ಹತ್ತಿರ ಹೋಗಿ ನೋಡಿ. ‘ಕೊಪ್ಪ’ದ ಕೆಳಗಿನ ಒತ್ತು, ‘ನಾರ್ವೆ’ಯ ಅರ್ಕಾವತ್ತು, ‘ಶೃಂಗೇರಿ’ಯ ಶಕಾರಕ್ಕೆ ತೂಗುವ ಸುಳಿ, ಇವೆಲ್ಲ ಕೆಲವೇ ಗೆರೆ ಎತ್ತರದವು. ಸಾಮಾನ್ಯ ದರ್ಜೆಯ ಚಿತ್ರವನ್ನು ಒರಟಾಗಿ ಹಿಗ್ಗಿಸುವ ಟಿವಿಯಲ್ಲಿ ಪಕಾರದ ಒತ್ತು ಮೊದಲು ಮಸಿಯ ಬೊಟ್ಟಾಗುತ್ತದೆ. ಒಳ್ಳೆಯದರಲ್ಲಿ ಅದರ ಕೊಂಡಿ ಬಿಡಿಬಿಡಿಯಾಗಿ ಕಾಣುತ್ತದೆ. ಅಕ್ಷರದ ಸುತ್ತ ಬಿಳಿಯ ಅಂಚು ಕಂಡರೆ ಅದು ಸ್ಕೇಲರಿನ ತಪ್ಪಲ್ಲದಿರಬಹುದು, ‘ಶಾರ್ಪ್‌ನೆಸ್’ ಅತಿಯಾಗಿ ಏರಿಸಿಟ್ಟಿರುತ್ತಾರೆ; ಇಳಿಸಿ ನೋಡಿ. ಅಂಗಡಿಯಲ್ಲಿ ಹಚ್ಚಿಟ್ಟಿರುವ ಹವಳದ ಮೀನು, ಹೂವಿನ ತೋಟದ ಚಿತ್ರಗಳಲ್ಲಿ ಇದು ಯಾವುದೂ ಗೊತ್ತಾಗುವುದಿಲ್ಲ. ಸುದ್ದಿವಾಹಿನಿ ಹಾಕಿಸಿ ಎಂದು ಕೇಳಲು ಸಂಕೋಚಪಡಬೇಕಿಲ್ಲ.

ಓಡುವ ಆ ಸಾಲು ಇನ್ನೊಂದನ್ನೂ ಹೇಳುತ್ತದೆ. ನಮ್ಮ ಡಿಟಿಎಚ್‌ನ ಎಚ್‌ಡಿ ವಾಹಿನಿಗಳು ಸಾಮಾನ್ಯವಾಗಿ ಬರುವುದು 1080ಐ ರೂಪದಲ್ಲಿ. ಸಂಖ್ಯೆಯ ಕೊನೆಯ ಆ ಅಕ್ಷರ ‘ಐ’ ಆಗಿದ್ದರೆ ಚಿತ್ರ ಒಂದೇ ಸಲಕ್ಕೆ ಪೂರ್ತಿ ಬರುವುದಿಲ್ಲ: ಸೆಕೆಂಡಿನ ಐವತ್ತನೇ ಒಂದು ಪಾಲಿನಲ್ಲಿ ಬೆಸ ಸಾಲುಗಳು 540, ಮುಂದಿನ ಪಾಲಿನಲ್ಲಿ ಸರಿ ಸಾಲುಗಳು 540. ‘ಪಿ’ ಆದರೆ ಸಾಲೆಲ್ಲ ಒಟ್ಟಿಗೆ. ದಪ್ಪ ಟಿವಿಗಳ ಕಾಲದಲ್ಲಿ ಕಡಿಮೆ ಜಾಗದಲ್ಲಿ ಚಿತ್ರ ಮಿಣುಕದಂತೆ ಕಳಿಸಲು ಕಂಡುಕೊಂಡ ಉಪಾಯ ಇದು, ಇವತ್ತಿಗೂ ಉಳಿದಿದೆ. ಪ್ಯಾನೆಲ್ ಟಿವಿ ಈ ಎರಡು ಅರ್ಧಗಳನ್ನು ಹೆಣೆದು ಒಂದು ಮಾಡಬೇಕು. ಯಕ್ಷಗಾನದ ವೇಷ ಸುಮ್ಮನೆ ನಿಂತಿದ್ದಾಗ ಕಷ್ಟವಿಲ್ಲ, ಹೆಣೆದರಾಯಿತು. ಅದೇ ವೇಷ ಗಿರಕಿ ಹೊಡೆಯಲು ಶುರುಮಾಡಿದರೆ ಬೆಸ ಸಾಲಿನಲ್ಲಿ ಕಿರೀಟ ಒಂದು ಕಡೆ, ಸರಿ ಸಾಲಿನಲ್ಲಿ ಒಂದಿಷ್ಟು ಮುಂದೆ. ಹಾಗೇ ಹೆಣೆದರೆ ಅಂಚೆಲ್ಲ ಬಾಚಣಿಗೆಯ ಹಲ್ಲಿನಂತೆ ಹರಿದು ಕಾಣುತ್ತದೆ; ಓಡುವ ಅಕ್ಷರಗಳ ಸಾಲಿಗೂ ಇದೇ ಗತಿ. ಆದ್ದರಿಂದ ಒಳ್ಳೆಯ ಟಿವಿ ಜಾಗ ಜಾಗಕ್ಕೂ ಬೇರೆ ಬೇರೆ ನಿರ್ಧಾರ ಮಾಡುತ್ತದೆ. ಹಿಂದಿನ ಪರದೆ, ಕುಳಿತ ಭಾಗವತರು ಅಲುಗುತ್ತಿಲ್ಲ, ಅಲ್ಲಿ ಎರಡರ್ಧವನ್ನೂ ಸೇರಿಸು; ಕಿರೀಟ ಅಲುಗುತ್ತಿದೆ, ಅಲ್ಲಿ ಒಂದರ್ಧವನ್ನಷ್ಟೇ ಇಟ್ಟುಕೊಂಡು ನಡುವಿನ ಗೆರೆಗಳನ್ನು ಊಹಿಸು. ಒಂದೇ ಚಿತ್ರದೊಳಗೆ, ಕಣ್ಣು ರೆಪ್ಪೆ ಬಡಿಯುವ ಮೊದಲು, ಇಷ್ಟು ವಿವೇಚನೆ.

ಇಷ್ಟೆಲ್ಲ ಕೌಶಲವಿದ್ದರೂ ಒಳಕ್ಕೆ ಬರುವುದು ಸರಿಯಿಲ್ಲದಿದ್ದರೆ ಟಿವಿ ಏನು ಮಾಡೀತು? ಎಷ್ಟೋ ಮನೆಗಳಲ್ಲಿ ಫುಲ್ ಎಚ್‌ಡಿ ಟಿವಿ, ಎಚ್‌ಡಿ ಸೆಟ್‌ಟಾಪ್ ಬಾಕ್ಸ್ ಎರಡೂ ಇದ್ದು, ನಡುವೆ ಮಾತ್ರ ಹಳೆಯ ಹಳದಿ, ಕೆಂಪು, ಬಿಳಿ ಪಿನ್ನಿನ ವೈರು ಇರುತ್ತದೆ. ಆ ಹಳದಿ ಪಿನ್ನಿನಲ್ಲಿ ಹರಿಯುವುದು ಮತ್ತದೇ 576 ಗೆರೆ. ಎಚ್‌ಡಿಎಂಐ ವೈರು ಹಾಕಿ, ಬಾಕ್ಸಿನ ಸೆಟ್ಟಿಂಗಿನಲ್ಲಿ 1080 ಆರಿಸಿ, ವಾಹಿನಿಯ ಎಚ್‌ಡಿ ಆವೃತ್ತಿಯನ್ನೇ ತೆಗೆದುಕೊಂಡರೆ ಹೊಸ ಟಿವಿ ಕೊಂಡಷ್ಟು ವ್ಯತ್ಯಾಸ. ಫೈಬರ್ ಸಂಪರ್ಕ ಬಂದ ಮನೆಗಳಲ್ಲಿ 4ಕೆ ಚಿತ್ರಗಳೂ ಸಿಗುತ್ತವೆ; ನೆಟ್‌ಫ್ಲಿಕ್ಸ್ ಅದಕ್ಕೆ ಕೇಳುವ ವೇಗ 15 ಎಂಬಿಪಿಎಸ್. ಆಷಾಢದ ಮಳೆಯಲ್ಲಿ ಡಿಶ್ ಕೈಕೊಡುವುದಕ್ಕೆ ಮಾತ್ರ ಯಾವ ಟಿವಿಯಲ್ಲೂ ಮದ್ದಿಲ್ಲ. ಉಪಗ್ರಹದಿಂದ ಅದಕ್ಕೆ ಬರುವ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು, ದಪ್ಪ ಹನಿಗಳು ಅವನ್ನು ಹೀರಿ ಚದುರಿಸಿಬಿಡುತ್ತವೆ. ಸಿಡಿಲಿನ ದಿನಗಳಲ್ಲಿ ಕರೆಂಟಿನ ಪ್ಲಗ್ ಜೊತೆಗೆ ಡಿಶ್‌ನಿಂದ ಬರುವ ವೈರನ್ನೂ ಕಳಚಿಡಿ.

ಇನ್ನು ಅಳತೆ. ಚೆನ್ನಾಗಿ ಕಾಣುವ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಪಾಲಿನಷ್ಟು ಸೂಕ್ಷ್ಮವನ್ನು ಬಿಡಿಸಿ ನೋಡಬಲ್ಲದು. ಆ ಲೆಕ್ಕದಲ್ಲಿ 32 ಇಂಚಿನ ಎಚ್‌ಡಿ ರೆಡಿ ಪರದೆಯ ಚುಕ್ಕಿಗಳು ಸುಮಾರು ಆರು ಅಡಿ ದೂರ ಸರಿದರೆ ಒಂದರಲ್ಲೊಂದು ಬೆರೆತುಹೋಗುತ್ತವೆ. 43 ಇಂಚಿನ ಫುಲ್ ಎಚ್‌ಡಿಗೆ ಐದೂವರೆ ಅಡಿ, 55 ಇಂಚಿನದಕ್ಕೆ ಏಳು. ಮಲೆನಾಡಿನ ಹಳೆಯ ಮನೆಗಳಲ್ಲಿ ಗೋಡೆಯ ಟಿವಿಗೂ ಎದುರಿನ ಬೆಂಚಿಗೂ ಹತ್ತು ಹನ್ನೆರಡು ಅಡಿ ಇರುವುದು ಸಹಜ. ಅಷ್ಟು ದೂರದಲ್ಲಿ 43 ಇಂಚಿನ 4ಕೆಯನ್ನೂ ಫುಲ್ ಎಚ್‌ಡಿಯನ್ನೂ ಚುಕ್ಕಿಯ ಮೇಲೆ ಬೇರೆ ಮಾಡಿ ಹೇಳಲಾಗದು. ಅಲ್ಲಿ ಹೆಚ್ಚಿನ ದುಡ್ಡು ಹಾಕುವುದಿದ್ದರೆ ಪರದೆಯ ಗಾತ್ರಕ್ಕೆ, ಕಪ್ಪು ಕಪ್ಪಾಗಿ ಕಾಣುವ ಒಳ್ಳೆಯ ಪ್ಯಾನೆಲಿಗೆ ಹಾಕುವುದು ಮೇಲು ಎಂದು ನನ್ನ ಅಭಿಪ್ರಾಯ. ಆದರೆ ದೊಡ್ಡ ಗಾತ್ರಗಳಲ್ಲಿ ಈಗ ಸಿಗುವುದು ಬಹುಪಾಲು 4ಕೆಯೇ, ಹಾಗಾಗಿ ಆಯ್ಕೆಯ ತಲೆನೋವು ಉಳಿದಿರುವುದು ಸಣ್ಣ ಸೆಟ್‌ಗಳಲ್ಲಿ.

ಕೊನೆಗೆ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಟಿವಿಯ ಕೈಪಿಡಿಯ ಹಿಂದಿನ ಪುಟಗಳಲ್ಲಿ 640 × 480, 1024 × 768, 1920 × 1080 ಎಂದೆಲ್ಲ ಒಂದು ಪಟ್ಟಿ ಇರುತ್ತದೆ, ಪಕ್ಕದಲ್ಲಿ ಸೆಕೆಂಡಿಗೆ ಎಷ್ಟು ಸಲ ಎಂಬ ಹರ್ಟ್ಸ್ ಲೆಕ್ಕ. ಟಿವಿ ಯಾವ ಯಾವ ಚಿತ್ರವನ್ನು ಒಪ್ಪುತ್ತದೆ ಎಂಬ ಪಟ್ಟಿ ಅದು. ಕೈಪಿಡಿಯಲ್ಲಿ ಅದನ್ನು ನಾವು ಓದುವುದಿಲ್ಲ; ಟಿವಿಯೊಳಗೂ ಇರುವ ಅದೇ ಪಟ್ಟಿಯನ್ನು ವೈರಿನ ಮೂಲಕ ಲ್ಯಾಪ್‌ಟಾಪ್ ಓದುತ್ತದೆ. 1994ರಲ್ಲಿ ವೆಸಾ ಎಂಬ ಸಂಸ್ಥೆ ಇದಕ್ಕೊಂದು ಪದ್ಧತಿ ಮಾಡಿತು, ಹೆಸರು ಇಡಿಐಡಿ. ಮೂಲ ಪಟ್ಟಿ ಬರೀ 128 ಬೈಟ್. ಅಷ್ಟರಲ್ಲೇ ತಯಾರಕರ ಗುರುತು, ತಯಾರಾದ ವರ್ಷ, ಪರದೆಯ ಅಳತೆ, ಒಪ್ಪುವ ಚಿತ್ರಗಳು, ಎಲ್ಲಕ್ಕಿಂತ ಇಷ್ಟದ ಚಿತ್ರ ಯಾವುದೆಂಬುದು. ತಯಾರಕರ ಮೂರಕ್ಷರದ ಗುರುತನ್ನು ಎರಡೇ ಬೈಟಿನಲ್ಲಿ ಮಡಚಿಟ್ಟಿದ್ದಾರೆ. ಕೊನೆಯ ಬೈಟ್ ಕಾವಲಿಗೆ: ಎಲ್ಲ 128ನ್ನೂ ಕೂಡಿದರೆ ಮೊತ್ತ 256ರಿಂದ ನಿಶ್ಶೇಷವಾಗಿ ಭಾಗವಾಗಬೇಕು, ಆಗದಿದ್ದರೆ ಓದಿದ್ದರಲ್ಲಿ ತಪ್ಪಿದೆ ಎಂದರ್ಥ. ಟಿವಿಗಳಿಗಾಗಿ ಆಮೇಲೆ ಇನ್ನಷ್ಟು ಬೈಟ್ ಸೇರಿದವು. ಅಲ್ಲಿ ಒಂದೊಂದು ಚಿತ್ರಕ್ಕೆ ಒಂದೊಂದು ನಂಬರು. ನಮ್ಮ ಎಚ್‌ಡಿ ವಾಹಿನಿಗಳ 1080ಐ, 50 ಹರ್ಟ್ಸ್‌ಗೆ ನಂಬರು 20. ಇನ್ನೂ ಸೊಗಸು ಎಂದರೆ, ಈ ಪಟ್ಟಿ ಓದಲು ಬೇಕಾದ ಐದು ವೋಲ್ಟನ್ನು ಲ್ಯಾಪ್‌ಟಾಪೇ ಎಚ್‌ಡಿಎಂಐ ವೈರಿನ ಒಂದು ತಂತಿಯಲ್ಲಿ ಕಳಿಸುತ್ತದೆ. ಟಿವಿಯ ಸ್ವಿಚ್ ಆರಿದ್ದರೂ ಪಟ್ಟಿ ಸಿಗಲಿ ಎಂದು.

ಬೆಂಗಳೂರಿನ ಕೆಲಸವನ್ನು ಊರಿನ ಮನೆಯಿಂದಲೇ ಮಾಡುವವರು ಟಿವಿಯನ್ನೇ ಮಾನಿಟರ್ ಮಾಡಿಕೊಂಡಾಗ ಈ ಪಟ್ಟಿ ಕೆಲಸಕ್ಕೆ ಬರುತ್ತದೆ. ಲ್ಯಾಪ್‌ಟಾಪಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಪ್ಯಾನೆಲ್ಲಿನ ಸ್ವಂತ ಸಂಖ್ಯೆಯನ್ನೇ ಆರಿಸಿ, ಸ್ಕೇಲರಿಗೆ ಬಿಡುವು ಸಿಗುತ್ತದೆ. ಪರದೆಯ ಅಂಚು ಕತ್ತರಿಸಿದಂತೆ ಕಂಡರೆ ಅದು ದಪ್ಪ ಟಿವಿಗಳ ಕಾಲದಿಂದ ಬಂದ ಅಭ್ಯಾಸ, ಚಿತ್ರವನ್ನು ಚೂರು ಹಿಗ್ಗಿಸಿ ಅಂಚು ಮುಚ್ಚುವುದು. ಪಿಕ್ಚರ್ ಮೆನುವಿನಲ್ಲಿ ‘ಜಸ್ಟ್ ಸ್ಕ್ಯಾನ್’ ಎಂದೋ ‘ಫಿಟ್ ಟು ಸ್ಕ್ರೀನ್’ ಎಂದೋ ಇರುವುದನ್ನು ಒತ್ತಿ. 4ಕೆ ಟಿವಿಯಲ್ಲಿ ಮೌಸಿನ ಬಾಣ ಎಳೆದೆಳೆದು ಸಾಗಿದರೆ ಹರ್ಟ್ಸ್ ನೋಡಿ. ಎಚ್‌ಡಿಎಂಐ 1.4ರ ಲ್ಯಾಪ್‌ಟಾಪ್ 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲ ಮಾತ್ರ ಕಳಿಸಬಲ್ಲದು; 60 ಬೇಕಿದ್ದರೆ ಎರಡೂ ಕಡೆ 2.0 ಇರಬೇಕು, ನಡುವಿನ ವೈರೂ ಅದಕ್ಕೆ ತಕ್ಕದಾಗಿರಬೇಕು. ಕೆಲವು ಸೆಟ್‌ಗಳಲ್ಲಿ ಎಲ್ಲ ಪೋರ್ಟುಗಳೂ ಒಂದೇ ತೆರನಲ್ಲ, ಯಾವುದರ ಪಕ್ಕ ಏನು ಬರೆದಿದೆ ಎಂದು ಟಿವಿಯನ್ನು ಗೋಡೆಗೆ ತಗುಲಿಸುವ ಮೊದಲೇ ನೋಡಿಟ್ಟುಕೊಳ್ಳಿ.